ಕಂಬಳಿಗೆ ಮೈಲಿಗೆ ಇಲ್ಲ ಅಂದಿದ್ದೆ

ಆಗ ನನಗೆ ಅರವತ್ತೊಂಬತ್ತು. ಮೂರು ವರ್ಷದ ಹಿಂದಿನ ಮಾತು. ಆಧಾರ್ ಕಾರ್ಡಲ್ಲಿ ಎಪ್ಪತ್ತೆರಡು ಅಂತ ಇತ್ತು, ಅದು ಬರೆದವನಿಗೆ ಗೊತ್ತು.

ಕೆರಗೋಡಿಂದ ಇನ್ನೂ ಒಳಕ್ಕೆ ನಮ್ಮೂರು. ಮನೇಲಿ ನಾನು, ಮಗ, ಸೊಸೆ, ಆರು ವರ್ಷದ ಮೊಮ್ಮಗಳು. ಮಗ ಮದ್ದೂರು ಮಳವಳ್ಳಿ ಮಧ್ಯೆ ಓಡೋ ಬಸ್ಸಿನ ಡ್ರೈವರು. ಕೋಳಿ ಕೂಗೋ ಹೊತ್ತಿಗೆ ಹೋದರೆ ಬರೋದು ಊಟದ ಹೊತ್ತಿಗೆ. ಸೊಸೆ ಮಂಡ್ಯದ ಒಂದು ಸ್ಕೂಲಲ್ಲಿ ಗುಮಾಸ್ತೆ, ಅವಳೂ ಸಂಜೆ ಬಸ್ಸಿಗೇ. ಹಗಲೆಲ್ಲ ಮನೆ, ಹಸು, ಮಗು ಮೂರೂ ನನ್ನ ಕೈಲಿ. ಮಗು ಮಲಗುತ್ತಿದ್ದದ್ದೂ ನನ್ನ ಪಕ್ಕದಲ್ಲೇ, ನನ್ನ ಕಂಬಳಿ ಮೇಲೆ. ಹಾಲು ಬಿಟ್ಟ ದಿನದಿಂದ ಹಾಗೇ.

ಆ ವರ್ಷ ಕಾರ್ತೀಕದಲ್ಲಿ ಅದಕ್ಕೆ ಉಬ್ಬಸ ಶುರುವಾಯಿತು. ಮೊದಲು ಕೆಮ್ಮು. ಆಮೇಲೆ ಎದೆಯೊಳಗೆ ಕುಯ್ ಅನ್ನೋ ಸದ್ದು, ಮುಚ್ಚಿದ ಬಾಗಿಲ ಸಂದೀಲಿ ಗಾಳಿ ನುಗ್ಗಿದ ಹಾಗೆ. ಉಸಿರು ಎಳೆದಾಗೆಲ್ಲ ಪಕ್ಕೆ ಒಳಕ್ಕೆ ಹೋಗೋದು, ಗಂಟಲ ಕೆಳಗೆ ಹೆಬ್ಬೆಟ್ಟು ಇಡುವಷ್ಟು ಗುಳಿ ಬೀಳೋದು.

ನಾನು ಮೂರು ಹೆತ್ತವಳು. ಒಂದನ್ನು ಮಣ್ಣು ಮಾಡಿದ್ದೀನಿ. ಅದು ಹೋಗೋ ಮುಂಚೆ ಎರಡು ದಿನ ಗಂಟಲ ಕೆಳಗೆ ಇದೇ ಗುಳಿ ಬಿದ್ದಿತ್ತು. ಮೊಮ್ಮಗಳಿಗೆ ಬಿದ್ದದ್ದು ನೋಡಿದ ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ಅದು ಬಂದು ಒಳಗೆ ಕೂತುಬಿಡುತ್ತೆ ಅನ್ನಿಸಿತು.

ಮಂಡ್ಯದ ಡಾಕ್ಟರು ಬಾಯಿಗೆ ಇಟ್ಟು ಒತ್ತೋ ಒಂದು ಪಂಪು ಬರೆದುಕೊಟ್ಟರು. ಹೆಂಗಸು ಡಾಕ್ಟರು, ನಗದೇ ಮಾತಾಡೋರು. "ಔಷಧಿ ಒಂದೇ ಸಾಲದು. ಮನೇಲಿ ಧೂಳು ಏಳಬಾರದು. ಒಣ ಪೊರಕೆ ಆಡಿಸೋದು ನಿಲ್ಲಿಸಿ, ಧೂಳು ಎಳ್ಕೊಳ್ಳೋ ಮಿಷನ್ ತಗೊಳ್ಳಿ. ಹಾಸಿಗೆ ಹೊದಿಕೆ ಎಲ್ಲ ಬಿಸಿನೀರಲ್ಲಿ ಒಗೀರಿ. ಇನ್ನೊಂದು ಸಲ ಇಷ್ಟು ಜೋರಾಗಿ ಬಂದ್ರೆ, ನಿಮ್ಮೂರಿಂದ ಇಲ್ಲಿಗೆ ತರೋವಷ್ಟು ಹೊತ್ತು ಸಿಗುತ್ತೆ ಅಂತ ನಾನು ಹೇಳೋಕಾಗಲ್ಲ," ಅಂದರು.

ಮಗನೂ ಸೊಸೆಯೂ ನನ್ನ ಮುಖ ನೋಡಿದರು. ಮನೇಲಿ ಪೊರಕೆ ಹಿಡಿಯೋಳು ನಾನು ತಾನೆ.

ಬಸ್ಸಲ್ಲಿ ವಾಪಸ್ ಬರೋ ದಾರಿ ಉದ್ದಕ್ಕೂ ನಾನು ಬೇರೆಯವರ ಮೇಲೆ ಹಾಕಿದೆ. ಗದ್ದೇಲಿ ಕಬ್ಬಿನ ಸೋಗೆ ಸುಡ್ತಾವ್ರೆ, ಅದರ ಹೊಗೆ ಅಂದೆ. ಆಲೆಮನೆ ಮಸಿ ಅಂದೆ. ಕೊನೆಗೆ, "ನಿಮ್ಮಪ್ಪಂಗೆ ಉಬ್ಬಸ ಇರ್ನಿಲ್ವಾ? ನಿಮ್ ತವ್ರು ಮಳವಳ್ಳಿ ಕಡೆಯಿಂದ ಬಂದದ್ದು ಇದು, ನಮ್ ಮನೇದಲ್ಲ," ಅಂತ ಸೊಸೆಗೇ ಅಂದೆ. ಅವಳು ಕಿಟಕಿ ಕಡೆ ತಿರುಗಿಕೊಂಡಳು. ಹೊಲದ ಕಡೆಯಿಂದ ಕರೀ ಸೋಗೆ ಬೂದಿ ಹಾರಿಬಂದು ಮಗುವಿನ ಲಂಗದ ಮೇಲೆ ಕೂತಿತು. ನೋಡು, ಇದೇ ಅಂದೆ.

ಮಿಷನ್ನು ತರೋದು ಅಂತಾಯಿತು. ಸೊಸೆ ಅಂದಳು, "ನೀವೇನೂ ಮಾಡ್ಬೇಡಿ ಅತ್ತೆ. ನಾನೇ ಸಂಜೆ ಬಂದು ಮಾಡ್ಕೊತೀನಿ."

"ಸಂಜೆ ಅಂದ್ರೆ? ದೀಪ ಹಚ್ಚಿದ್ಮೇಲೆ ಮನೆ ಗುಡುಸ್ತೀಯಾ?"

"ಗುಡಿಸಲ್ಲ ಅತ್ತೆ, ಎಳ್ಕೊತದೆ."

"ಕಸ ಮನೆ ಬುಟ್ಟು ಓಯ್ತದೋ ಇಲ್ವೋ? ಓದ್ರೆ ಗುಡಿಸ್ದಂಗೇಯ. ನಾನಿರೋಗಂಟ ದೀಪ ಹಚ್ಚಿದ್ಮೇಲೆ ಈ ಮನೆ ಲಕ್ಷ್ಮೀನ ಆಚೆಗೆ ತಳ್ಳಾಂಗಿಲ್ಲ."

"ಹಂಗಾದ್ರೆ ಹಗಲೊತ್ತು ಯಾರು ಮಾಡೋದು?"

"ನಾನೇನು ಸತ್ತಿದ್ದೀನಾ?"

ಹೀಗೆ ಆ ಮಿಷನ್ನು ನನ್ನ ಕೊರಳಿಗೆ ಬಿತ್ತು. ನಾನು ಹಿಡಿಯೋದು ಅಂದಮೇಲೆ ನಾನೇ ಆರಿಸಬೇಕು ಅಂದೆ. ಒಂದು ಶನಿವಾರ ಮಧ್ಯಾಹ್ನದ ಬಸ್ಸಿಗೆ ನಾನೂ ಸೊಸೆಯೂ ಮಂಡ್ಯಕ್ಕೆ ಹೋದೆವು.

ಅಂಗಡಿಯವನು ನಲವತ್ತರ ಆಸುಪಾಸಿನವನು, ಬಾಯಿ ಚುರುಕು. ಮೊದಲು ವೈರು ಇರೋದನ್ನು ಇಳಿಸಿದ. ಡುಮ್ಮನೆ ಹೊಟ್ಟೆ, ಹಗ್ಗ ಕಟ್ಟಿದ ಕರುವಿನ ಹಾಗೆ ಹಿಂದೆ ಎಳೆದುಕೊಂಡು ಹೋಗಬೇಕು.

"ಇದು ಬ್ಯಾಡ," ಅಂದೆ. "ನಮ್ ನಡುಮನೇಲಿ ಪ್ಲಗ್ಗು ಇರಾದು ಟೀವಿ ತಾವ ಒಂದೇಯ. ವೈರು ಎಡವಿ ಬಿದ್ರೆ ನಿಮ್ಮಪ್ಪ ಬಂದು ಎತ್ತಾನಾ?"

"ನಮ್ಮಪ್ಪ ಇಲ್ಲ ಅಜ್ಜಿ. ನಾನೇ ಬತ್ತೀನಿ ಬುಡಿ."

"ನೀನು ಬರೋಷ್ಟೊತ್ಗೆ ನಾನೂ ನಿಮ್ಮಪ್ಪನ್ ತಾವ ಇರ್ತೀನಿ."

ಅವನು ನಕ್ಕು ವೈರಿಲ್ಲದ್ದನ್ನು ತೆಗೆದ. ಉದ್ದ ಕೋಲು, ತುದೀಲಿ ತಿರುಗೋ ಬ್ರಷ್ಷು, ಮೇಲೆ ಕೈ ಹಿಡಿಯೋ ಕಡೆ ಮೋಟಾರು, ಅದರ ಕೆಳಗೆ ಕಸ ತುಂಬೋ ಡಬ್ಬ. ಮೊಬೈಲಿನ ಹಾಗೆ ಚಾರ್ಜಿಗೆ ಹಾಕಿದರೆ ಸಾಕು, ಕರೆಂಟು ಹೋದರೂ ನಲವತ್ತು ನಿಮಿಷ ಓಡ್ತದೆ ಅಂದ. ಸೊಸೆ ರಟ್ಟಿನ ಪೆಟ್ಟಿಗೆ ಮೇಲಿನ ಸಣ್ಣ ಅಕ್ಷರ ಓದಿ, "ಜೋರಾಗಿ ಇಟ್ರೆ ಹತ್ತೇ ನಿಮಿಷ ಅಂತ ಬರ್ದವ್ರಲ್ಲ," ಅಂದಳು. ಅವನು ತಲೆ ಕೆರೆದುಕೊಂಡ.

ಅಂಥವು ನಾಲ್ಕು ಇದ್ದವು. ಒಂದೊಂದನ್ನೂ ಎತ್ತಿಕೊಂಡು ನಿಂತೆ. ದೊಡ್ಡದು ನೋಡೋಕೆ ಗಟ್ಟಿ, ಆದರೆ ಭಾರವೆಲ್ಲ ಮಣಿಕಟ್ಟಿಗೆ ಬೀಳ್ತಿತ್ತು. ಅಂಗಡಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗೋ ಹೊತ್ತಿಗೆ ಮೊಣಕೈ ನಡುಗಿತು. ಇನ್ನೊಂದಕ್ಕೆ ಗುಂಡಿಗಳು ಜಾಸ್ತಿ, ಅದರ ಮೇಲೆಲ್ಲ ಇಂಗ್ಲಿಷು. ಮತ್ತೊಂದರ ಗುಂಡಿ ಬೆರಳಲ್ಲಿ ಒತ್ತಿ ಹಿಡಿದೇ ಇರಬೇಕು, ಬಿಟ್ಟರೆ ನಿಲ್ತದೆ. ಕೊನೇದು ಹಗುರ. ಒಂದೇ ಗುಂಡಿ, ಒಂದು ಸಲ ಒತ್ತಿದರೆ ಆಯಿತು. ಡಬ್ಬವೂ ಗಾಜಿನ ಹಾಗೆ, ಒಳಗೆ ಬಿದ್ದದ್ದು ಕಾಣುತ್ತೆ.

ಆದರೆ ನನ್ನ ಮೊಂಡು ಬಿಡಬೇಕಲ್ಲ. "ಇದನ್ನ ಕಟ್ಕೊಂಡು ಏನ್ಮಾಡನ? ನಮ್ಮನೇಲಿ ಧೂಳೆಲ್ಲದೆ? ದಿನಾ ಎರಡೊತ್ತು ಗುಡುಸ್ತೀನಿ," ಅಂದೆ.

"ಎಲ್ರೂ ಹಿಂಗೇ ಅನ್ನಾದು ಅಜ್ಜಿ. ಒಂದು ಕೆಲ್ಸ ಮಾಡಿ. ನಿಮ್ಮನೇಲಿ ಎಲ್ಲಕ್ಕಿಂತ ಚೊಕ್ಕಟ ಅನ್ನೋದು ಏನದೆ, ಅದನ್ನ ತಗೊಂಡ್ ಬನ್ನಿ. ಧೂಳು ಬರ್ನಿಲ್ಲ ಅಂದ್ರೆ ಮಿಷನ್ ತಗೋಬ್ಯಾಡಿ."

"ಆಡಿದ್ ಮಾತು ಮರೀಬ್ಯಾಡ ಕಣಪ್ಪ," ಅಂದು ಎದ್ದೆ. ಸೊಸೆಗೆ ಸಿಟ್ಟು ಬಂತು. ಮಗು ಉಸಿರಿಗೆ ಒದ್ದಾಡ್ತಾ ಅದೆ, ನೀವು ಪಂದ್ಯ ಕಟ್ತೀರಾ ಅಂದಳು. ಬಸ್ಸಲ್ಲಿ ನನ್ನ ಪಕ್ಕ ಕೂರಲಿಲ್ಲ.

ಎಲ್ಲಕ್ಕಿಂತ ಚೊಕ್ಕಟ ಏನು ಅಂತ ನಾನು ಯೋಚನೆ ಮಾಡಬೇಕಾಗಿರಲಿಲ್ಲ. ನನ್ನ ಕಂಬಳಿ. ನನ್ನ ಮದುವೇಲಿ ಹಾಸಿದ್ದು. ಮೂರೂ ಬಾಣಂತನ ಅದರ ಮೇಲೇ. ಯಜಮಾನರು ಹೋದಾಗ ಅವರ ಬಟ್ಟೆಬರೆ ಎಲ್ಲ ಆಚೆ ಹಾಕಿದೆವು, ಕಂಬಳಿ ಹಾಕಲಿಲ್ಲ. ಕಂಬಳಿಗೆ ಮೈಲಿಗೆ ಇಲ್ಲ, ಸೂತಕ ಇಲ್ಲ. ಕಂಬಳಿ ಮುಟ್ಟಿದವರು ಕೈ ತೊಳೆಯೋದೂ ಇಲ್ಲ. ನಮ್ಮ ಅತ್ತೆ ನನಗೆ ಹೇಳಿದ್ದು, ಅವರಿಗೆ ಅವರ ಅತ್ತೆ. ಅದಕ್ಕೇ ಅದನ್ನು ಯಾವತ್ತೂ ನೀರಿಗೆ ಹಾಕಿರಲಿಲ್ಲ. ವರ್ಷಕ್ಕೆ ಒಂದೆರಡು ಸಲ ಕೊಡವಿ ಬಿಸಿಲಿಗೆ ಹಾಕೋದು, ಅಷ್ಟೆ. ಡಾಕ್ಟರು ಹೇಳಿದ ಮೇಲೆ ಸೊಸೆ ದಿಂಬು, ದುಪ್ಪಟಿ ಎಲ್ಲ ಬೇಯಿಸಿ ಒಗೆದಿದ್ದಳು. ಕಂಬಳಿಗೂ ಕೈ ಹಾಕಿದಳು. "ಕಂಬಳಿ ಒಗಿಯಾದು ಎಲ್ಲಾರ ಉಂಟೇನಮ್ಮಿ?" ಅಂತ ಕಿತ್ತುಕೊಂಡಿದ್ದೆ.

ಮುಂದಿನ ಶನಿವಾರದೊಳಗೆ ಮಗುವಿಗೆ ಎರಡು ಸಲ ಬಂತು. ಎರಡು ಸಲವೂ ಸ್ಕೂಲಿಂದ ಬಂದು ನನ್ನ ಪಕ್ಕ ಮಲಗಿದ ಮೇಲೆ. ನಾನು ಏನು ಮಾಡಿದೆ ಅಂತ ಬರೆಯಲೇಬೇಕು. ಎದೆ ಕುಯ್ ಅನ್ನೋಕೆ ಶುರುವಾದ ತಕ್ಷಣ, ಶೀತಕ್ಕೆ ಅಂತ, ಕಂಬಳಿಯನ್ನು ಕುತ್ತಿಗೆವರೆಗೂ ಎಳೆದು ಬಿಗಿಯಾಗಿ ಸುತ್ತಿದೆ. ಮಗು ಕೈಕಾಲು ಒದರಿತು. "ಸುಮ್ನೆ ಮಲೀಕೊ, ಬೆಚ್ಗಿದ್ರೆ ಓಯ್ತದೆ," ಅಂತ ಅದುಮಿ ಹಿಡಿದೆ. ಸದ್ದು ಜಾಸ್ತಿ ಆಯಿತು. ನಾನು ಇನ್ನಷ್ಟು ಸುತ್ತಿದೆ. ಆಮೇಲೆ ಪಂಪು ಒತ್ತಿದೆ, ಇಳಿಯಿತು. ಕಂಬಳಿಯಿಂದ ಇಳಿಯಿತು ಅಂದುಕೊಂಡೆ.

ಆ ಶನಿವಾರ ಮಗನಿಗೆ ರಜ. ಮಗುವನ್ನು ಅವನ ಹತ್ತಿರ ಬಿಟ್ಟು, ಕಂಬಳಿ ಮಡಚಿ ದೊಡ್ಡ ಚೀಲಕ್ಕೆ ತುರುಕಿ ಹೊರಟೆವು. ಬಸ್ಸಲ್ಲಿ ಚೀಲ ತೊಡೆ ಮೇಲೆ ಇಟ್ಟುಕೊಂಡಿದ್ದೆ. ಏನೋ ಒಂದು ಜೀವ ಇದ್ದ ಹಾಗೆ ಬೆಚ್ಚಗಿತ್ತು.

ಅಂಗಡಿಯವನು ನೋಡಿ, "ಕಂಬಳಿ ತಂದ್ರಾ?" ಅಂದ. ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ಡಬ್ಬ ಬಿಚ್ಚಿ, ಖಾಲಿ ಅಂತ ತೋರಿಸಿ, ಒರೆಸಿ ಹಾಕಿದ. ಕಂಬಳಿಯನ್ನು ಟೇಬಲ್ ಮೇಲೆ ಹಾಸಿ, ಉದ್ದ ಕೋಲು ಕಳಚಿ, ಕೈಯಗಲದ ಬ್ರಷ್ಷು ಸಿಕ್ಕಿಸಿ ಗುಂಡಿ ಒತ್ತಿದ. ಒಂದು ಮೊಳ ಜಾಗದಲ್ಲಿ ನಾಲ್ಕು ಸಲ ಆಡಿಸಿ ನಿಲ್ಲಿಸಿದ.

ಡಬ್ಬದ ತಳದಲ್ಲಿ ಬೂದುಬಣ್ಣದ ಹಿಟ್ಟು. ರಾಗಿ ಹಿಟ್ಟಿಗಿಂತ ನುಣುಪು. ಎರಡು ಬೆರಳು ದಪ್ಪ.

"ಇನ್ನೊಂದು ಕಡೆ ಮಾಡು," ಅಂದೆ.

ಮಾಡಿದ. ಡಬ್ಬ ಇನ್ನೂ ತುಂಬಿತು.

"ಮಗ್ಗುಲು ತಿರುವಿ ಮಾಡು."

"ಎಷ್ಟು ಸಲ ಮಾಡುದ್ರೂ ಬತ್ತದೆ ಅಜ್ಜಿ," ಅಂದ ಮೆಲ್ಲಗೆ. "ಇದು ಮೇಲಿಂದಲ್ಲ. ಒಳ್ಗೇ ಅದೆ. ಮೈಯಿಂದ ಉದ್ರಿದ್ದು, ಅದನ್ನ ತಿನ್ನೋ ಹುಳ, ಎಲ್ಲಾ. ಇದ್ರ ಮೇಲೆ ಯಾರಾರ ಮಲೀಕೊತಾರಾ?"

ಅವನು ಡಬ್ಬ ತೆಗೆದಾಗ ಮುಚ್ಚಿದ ಅಟ್ಟದ ವಾಸನೆ ಬಂತು. ಆ ವಾಸನೆ ನನಗೆ ಗೊತ್ತಿತ್ತು. ನನ್ನ ಮಣ್ಣಾದ ಮಗುವಿನ ತಲೇಲೂ ಇದೇ ವಾಸನೆ ಇತ್ತು. ಅದನ್ನೂ ಇದರಲ್ಲೇ ಸುತ್ತಿ ಎರಡು ದಿನ ಹಿಡಿದುಕೊಂಡಿದ್ದೆ. ಅದು ಇದರಿಂದಲೇ ಹೋಯಿತೋ, ಬೇರೆ ಯಾವುದರಿಂದ ಹೋಯಿತೋ. ಈಗ ಕೇಳೋಣ ಅಂದರೆ ಯಾರೂ ಇಲ್ಲ.

"ಕಸ ಕಾಣೋ ಡಬ್ಬದ್ದು, ಹಗುರದ್ದು, ಅದನ್ನೇ ಕೊಡು," ಅಂದೆ. ಬೆಲೆ ಕೇಳಲಿಲ್ಲ.

ಮನೆಗೆ ಬಂದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಸೊಸೆ ಮಿಷನ್ನಿನ ಪೆಟ್ಟಿಗೆ ಇಳಿಸಿದಳು, ನಾನು ಚೀಲವನ್ನು ಗೋಡೆಗೆ ಒರಗಿಸಿ ನೀರು ಕುಡಿಯೋಕೆ ಒಳಗೆ ಹೋದೆ. ಎರಡೇ ನಿಮಿಷ. ಬೆಳಗಿಂದ ಆ ಮಗು ಒಂದು ಸಲವೂ ಕೆಮ್ಮಿರಲಿಲ್ಲ ಅಂತ ಮಗ ಆಮೇಲೆ ಹೇಳಿದ. ನಾನು ಆಚೆ ಬರೋ ಹೊತ್ತಿಗೆ ಮಗು ಕಂಬಳಿಯನ್ನು ಚೀಲದಿಂದ ಎಳೆದು, ತಲೆ ಮೇಲಿಂದ ಹೊದ್ದುಕೊಂಡು, "ಅಜ್ಜೀ, ನಾನು ಗುಮ್ಮ," ಅಂತ ನಿಂತಿತ್ತು. ಮಿಷನ್ನು ಕೆದಕಿ ಬಿಟ್ಟಿದ್ದ ಕಂಬಳಿ ಅದು. ಸಂಜೆ ಬಿಸಿಲಲ್ಲಿ ಅದರ ಸುತ್ತ ಧೂಳು ಕಾಣುತ್ತಿತ್ತು.

ಕಿತ್ತುಕೊಳ್ಳೋ ಹೊತ್ತಿಗೆ ಆಗಿಹೋಗಿತ್ತು. ಒಂದು ಕೆಮ್ಮು, ಎರಡು ಕೆಮ್ಮು. ಆಮೇಲೆ ಆ ಸದ್ದು. ತುಟಿ ನೇರಳೆ ಹಣ್ಣು ತಿಂದ ಹಾಗಾಯಿತು. ಗಂಟಲ ಕೆಳಗೆ ಗುಳಿ. ಸೊಸೆ ಪಂಪು ಇಟ್ಟು ಒತ್ತಿದಳು, ಮತ್ತೆ ಒತ್ತಿದಳು. ಮಗ ಆಟೋದವನಿಗೆ ಫೋನು ಮಾಡುತ್ತಾ ಹೊಸಿಲಲ್ಲಿ ನಿಂತ. "ನೀನು ದೂರ ಇರವ್ವ, ನಿನ್ ಸೀರೇಲೂ ಅದೆ," ಅಂದ. ಹೊಡೆದಿದ್ದರೆ ಚೆನ್ನಾಗಿತ್ತು. ನಾನು ಅಂಗಳದಲ್ಲಿ ನಿಂತು ಗುಳೀನೇ ನೋಡುತ್ತಿದ್ದೆ. ಒಳಕ್ಕೆ ಹೋಗೋದು, ಬರೋದು. ಒಳಕ್ಕೆ ಹೋಗೋದು, ಬರೋದು.

ಆಟೋ ಬರೋ ಮುಂಚೆ ಸ್ವಲ್ಪ ಇಳಿಯಿತು. ಆದರೂ ಕೆರಗೋಡಿನ ಆಸ್ಪತ್ರೆಗೆ ಒಯ್ದು, ಮೂಗಿಗೆ ಮಾಸ್ಕ್ ಇಟ್ಟು ಗಾಳಿ ಔಷಧಿ ಕೊಡಿಸಿಕೊಂಡು ಬಂದರು. ಬಂದಾಗ ದೀಪ ಹಚ್ಚಾಗಿತ್ತು. ಮಗು ಅವರಪ್ಪನ ಹೆಗಲ ಮೇಲೆ ನಿದ್ದೆ ಹೋಗಿತ್ತು.

"ಅತ್ತೆ, ಇವತ್ತಿಂದ ಅವಳು ನನ್ನತ್ರ ಮಲೀಕೊಳ್ಳಿ," ಅಂದಳು ಸೊಸೆ.

"ಮಲೀಕೊಳ್ಳಿ."

ಆಮೇಲೆ ನಾನೇ ಅಂದೆ, "ಆ ಮಿಷನ್ನು ತಗೊಂಡು ಈಗ್ಲೇ ಮನೆಯೆಲ್ಲ ಎಳ್ದ್ ಬುಡು."

"ದೀಪ ಹಚ್ಚಾದೆ ಅತ್ತೆ."

"ನನಗೂ ಕಣ್ಣವೆ. ಎಳಿ."

"ಆಗಲ್ಲ. ಮೊದಲ್ನೇ ಸಲ ಪೂರ್ತಿ ಚಾರ್ಜಾಗ್ಬೇಕಂತೆ."

ಅದನ್ನು ಟೀವಿ ಪಕ್ಕದ ಪ್ಲಗ್ಗಿಗೆ ಹಾಕಿದ್ದಳು. ಗೋಡೆಗೆ ಒರಗಿ ನಿಂತಿತ್ತು, ಕೆಂಪು ದೀಪ ಮಿಣುಕಿಸುತ್ತಾ. ಮಿಣುಕು, ಆರು. ಮಿಣುಕು, ಆರು. ಮಗುವಿನ ಉಸಿರಿನ ಲೆಕ್ಕಕ್ಕೇ ಸರಿಯಾಗಿ. ನಾನು ಜಗುಲಿ ಮೇಲೆ ಬರೀ ಚಾಪೆ ಹಾಸಿಕೊಂಡೆ.

ಮಾರನೇ ಬೆಳಿಗ್ಗೆ ಎದ್ದಾಗ ದೀಪ ಹಸಿರಾಗಿತ್ತು. ಒಂದೇ ಗುಂಡಿ, ಒತ್ತಿದೆ. ನಾನು ಮಲಗುತ್ತಿದ್ದ ಮೂಲೆಯಿಂದ ಶುರು ಮಾಡಿ ಹೊಸಿಲವರೆಗೂ ಎಳೆದೆ. ಡಬ್ಬ ತಿಪ್ಪೇಲಿ ಕೊಡವಿದೆ. ಕಂಬಳಿಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿ, ಈದು ವಾರವಾಗಿದ್ದ ಹಸುವಿನ ಬೆನ್ನಿಗೆ ಹೊದಿಸಿ ಹಗ್ಗದಲ್ಲಿ ಬಿಗಿದೆ. ಸೀರೆ ಬದಲಾಯಿಸಿದೆ. ಆಮೇಲೆ ಬಚ್ಚಲಿಗೆ ಹೋಗಿ, ಸೋಪು ಹಾಕಿ, ಮೊಣಕೈವರೆಗೂ ಕೈ ತೊಳೆದುಕೊಂಡೆ. ಕಂಬಳಿ ಮುಟ್ಟಿ ಕೈ ತೊಳೆದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ತೊಳೆದು, ಒರೆಸಿಕೊಂಡು, ಮಗು ಮಲಗಿದ್ದ ಕೋಣೆ ಬಾಗಿಲು ತೆಗೆದೆ.