ಮನೆಗೊಬ್ಬರು ಹೋದ ಮೆರವಣಿಗೆ

ನನಗೆ ಮೊಮ್ಮಗಳು ಹುಟ್ಟಿದಳು! ತಾಯಿ, ಮಗು ಇಬ್ಬರೂ ಕ್ಷೇಮ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಹೊಟ್ಟೆಯಲ್ಲಿಟ್ಟುಕೊಂಡು ಹಿಂದಿನ ಕಥೆ ಹೇಳುವ ತಾಳ್ಮೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗಿಲ್ಲ. ಇಷ್ಟು ವರ್ಷವಾದರೂ ಆ ಸುದ್ದಿ ನೆನೆದರೆ ಎದೆ ತುಂಬಿ ಬರುತ್ತದೆ. ಬಂದ ದಿನ ಮಾತ್ರ ನನಗೆ ಏನೂ ಅನಿಸಲಿಲ್ಲ.

ಎಂಬತ್ತರ ದಶಕ. ಬಹ್ರೈನಿನ ಅಸ್ಕರ್‌ನಲ್ಲಿ ಅಲ್ಯೂಮಿನಿಯಂ ಕರಗಿಸುವ ಕಾರ್ಖಾನೆಯಲ್ಲಿ ನಾನು ಹೆಲ್ಪರ್. ಮಗ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕೊಂದರಲ್ಲಿ ಡ್ರೈವರ್. ನಾನು, ಹೆಂಡತಿ, ಮಗ ಮಾಹೂಝ್ ಬಡಾವಣೆಯ ಸಣ್ಣ ಫ್ಲಾಟಿನಲ್ಲಿದ್ದೆವು. ಸೊಸೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು; ಅವಳ ತವರೂ ನಮ್ಮ ಊರೇ.

ಊರಲ್ಲಿ ಆಗ ಗಲಾಟೆ. ನೌಕಾಪಡೆಗೆ ನೆಲೆ ಬೇಕೆಂದು ಸರಕಾರ ನಮ್ಮ ಕಡಲ ಬದಿಯ ಗದ್ದೆಗಳನ್ನು ಅಳೆಯಲು ಹೊರಟಿತ್ತು. ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಡಿಕ್ಲರೇಶನ್ ಹಾಕಿ ಧಣಿಯಿಂದ ಬಿಡಿಸಿಕೊಂಡ ಗದ್ದೆ. ನಮ್ಮ ಹೆಸರಿಗೆ ಬಂದು ಹತ್ತು ವರ್ಷವೂ ಆಗಿರಲಿಲ್ಲ. ದೇಶ ಕಾಯುವುದು ಬೇಡವೆಂದು ಯಾರೂ ಹೇಳಲಿಲ್ಲ. ನಮ್ಮನ್ನು ಎಬ್ಬಿಸಿ ಕಾಯುವುದು ಯಾರನ್ನು ಎಂದು ಕೇಳಿದರು, ಅಷ್ಟೆ. ರೈತರೆಲ್ಲ ಭತ್ತದ ಸಸಿಯ ಕಟ್ಟು ಹೊತ್ತು ತಾಲೂಕು ಕಚೇರಿಗೆ ನಡೆಯುವುದೆಂದೂ, ಮನೆಗೊಬ್ಬರು ಬರಲೇಬೇಕೆಂದೂ ತೀರ್ಮಾನವಾಯಿತು.

ನಮಗೆ ಕಾಗದಕ್ಕಿಂತ ಕ್ಯಾಸೆಟ್ಟೇ ಅಭ್ಯಾಸ. ಮಾತು ತುಂಬಿಸಿ, ರಜೆಗೆ ಹೊರಟವರ ಕೈಯಲ್ಲಿ ಕಳಿಸುವುದು. ನಾನೂ ಟೇಪ್ ರೆಕಾರ್ಡರಿನ ಮುಂದೆ ಕುಳಿತು ಸೊಸೆಯ ತವರಿನವರಿಗೆ ಜೋರಾಗಿ ಹೇಳಿದೆ: “ಮೆರವಣಿಗೆಯಲ್ಲಿ ನಮ್ಮ ಮನೆಯ ಜಾಗ ಖಾಲಿ ಬಿಡ್ಬೇಡಿ. ಗಂಡಸ್ರು ಗಲ್ಫಿನಲ್ಲಿದ್ದಾರೆ ಅಂತ ನಾಳೆ ಯಾರೂ ಆಡ್ಕೊಳ್ಬಾರ್ದು.” ನನ್ನ ಮನಸ್ಸಿನಲ್ಲಿದ್ದವನು ಗದ್ದೆ ನೋಡಿಕೊಳ್ಳುವ ಆಳು. ಅವನನ್ನು ಕಳಿಸಿ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಮರಳಿ ಬಂದ ಕ್ಯಾಸೆಟ್ಟಿನಲ್ಲಿ ಸೊಸೆಯ ತಾಯಿಯ ದನಿ. “ಎಂತ ಮಾಡಿದ್ರಿ ಮಾರಾಯ್ರೆ! ಆಳು ಹೋದ್ರೆ ಮನೆಯವ್ರು ಬಂದ ಹಾಗಾಗುದಿಲ್ಲ, ಮಾವ ಹೇಳಿದ್ದಾರೆ ಅಂತ ಇವಳೇ ಹೊರಟ್ಲು. ಎಂಟು ತಿಂಗಳ ಹೊಟ್ಟೆ! ಪೊಲೀಸ್ರು ಹೆಂಗಸ್ರನ್ನೆಲ್ಲ ಹಿಡಿದು ಬಸ್ಸಿಗೆ ಹತ್ತಿಸಿದ್ರು. ಇವಳು ಮೆಟ್ಟಿಲಲ್ಲಿ ಜಾರಿದ್ಲು. ಆಸ್ಪತ್ರೆಗೆ ಸೇರಿಸಿದ್ದೇವೆ.” ಅಲ್ಲಿಗೆ ಕ್ಯಾಸೆಟ್ ಮುಗಿಯಿತು.

ಮಗ ಟೇಪ್ ಆರಿಸಿದ. “ಅಪ್ಪಾ, ನಿಮ್ಗೆ ಮೆರವಣಿಗೆ ಅಷ್ಟು ಬೇಕಿದ್ರೆ ಟಿಕೆಟ್ ಮಾಡಿ ನೀವೇ ಹೋಗ್ಬಹುದಿತ್ತಲ್ಲ?”

ಅಂದಿನಿಂದ ಅವನು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಹನ್ನೊಂದು ದಿನ. ಟ್ರಂಕ್ ಕಾಲ್ ಸಿಗಲಿಲ್ಲ, ಊರಿನಿಂದ ಸುದ್ದಿಯೂ ಇಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ನಮ್ಮ ಕಡೆಯವನೇ ಆದ, ಹಾಜರಿ ಬರೆಯುವ ಟೈಮ್‌ಕೀಪರ್ ಒಂದು ಟೆಲಿಗ್ರಾಂ ಕೊಟ್ಟ. ಗಲ್ಫಿಗೆ ಬಂದವರಿಗೆ ಟೆಲಿಗ್ರಾಂ ಎಂದರೆ ಸಾವು. ಬೇರೆ ಯಾವುದಕ್ಕೂ ಊರವರು ಅಷ್ಟು ಅವಸರ ಮಾಡುವುದಿಲ್ಲ.

“ಇಂಗ್ಲಿಷಲ್ಲಿರ್ತದೆ. ಕೊಡಿ ಇಲ್ಲಿ, ಓದಿ ಹೇಳ್ತೇನೆ,” ಎಂದ.

“ಬೇಡ. ಶಿಫ್ಟ್ ಮುಗೀಲಿ.”

ಒಡೆಯದೆ ಜೇಬಿಗೆ ಹಾಕಿ ಒಳಗೆ ಹೋದೆ. ಕುಲುಮೆಯ ಝಳ ಮುಖಕ್ಕೆ ಹೊಡೆಯುತ್ತಿತ್ತು, ಬಿಸಿ ಎಂದು ಅನಿಸಲಿಲ್ಲ. ಗವಸಿನೊಳಗಿನ ಕೈ ಯಾರದೋ ಕೈಯಂತಿತ್ತು. ಯಾರೋ ಊಟದ ಡಬ್ಬಿ ತೆರೆದು ಮುಂದಿಟ್ಟರು. ತಿಂದೆನೋ ಬಿಟ್ಟೆನೋ ಗೊತ್ತಿಲ್ಲ. ಅಳು ಬರಲಿಲ್ಲ, ದೇವರೂ ನೆನಪಾಗಲಿಲ್ಲ. ಸೊಸೆಯ ಮುಖ ನೆನೆಯಲು ನೋಡಿದೆ, ಅದೂ ಬರಲಿಲ್ಲ. ಹೋಗಲು ಹೇಳಿದ್ದು ನಾನು ಎಂಬುದೊಂದೇ ತಲೆಯಲ್ಲಿತ್ತು.

ಸಂಜೆ ಮನೆಗೆ ಬಂದು ಮಗನ ಕೈಗೆ ಕೊಟ್ಟೆ. ಅವನು ಅದನ್ನು ತಾಯಿಯತ್ತ ಚಾಚಿದ. ಹೆಂಡತಿ ಹರಿದು ಕೊಟ್ಟಳು. ಓದಿದ. ಮತ್ತೊಮ್ಮೆ ಓದಿದ.

“ಹೆಣ್ಣು ಮಗು. ಇಬ್ರೂ ಚೆನ್ನಾಗಿದ್ದಾರೆ.”

“ಸರಿ,” ಎಂದೆ. ಹೆಂಡತಿ ಶಿಲುಬೆಯ ಗುರುತು ಹಾಕಿಕೊಂಡು ಅತ್ತಳು. ನಾನು ಬೂಟಿನ ಲೇಸು ಬಿಚ್ಚುತ್ತಾ ಕುಳಿತೆ.

“ಇದು ಯಾವಾಗ ಬಂತು?” ಮಗ ಕೇಳಿದ.

“ಬೆಳಿಗ್ಗೆ.”

“ಬೆಳಿಗ್ಗೆಯಾ! ದಿನವಿಡೀ ಜೇಬಲ್ಲಿಟ್ಕೊಂಡು ತಿರುಗಿದ್ರಾ? ನಿಮ್ಗೆ ಮಂಡೆ ಸಮ ಉಂಟಾ ಅಪ್ಪಾ?” ಬೈಯುತ್ತಾ ಬೈಯುತ್ತಾ ಮಗ ನಗತೊಡಗಿದ.

ಹೆಂಡತಿ ಅನ್ನ, ಮೀನಿನ ಸಾರು ಮಾಡಿ ನೆಲದ ಮೇಲೆ ಹಳೇ ಪೇಪರಿನ ಹಾಳೆ ಹಾಸಿದಳು. ಮಗ ತನ್ನ ತಟ್ಟೆ ತಂದು ನನ್ನ ಪಕ್ಕ ಕುಳಿತ.

“ನೀವು ಹೇಳದಿದ್ರೂ ಅವಳು ಹೋಗ್ತಿದ್ಲು. ಅವಳದ್ದೂ ಗದ್ದೆ ಅಲ್ವಾ?”

“ಆದ್ರೂ ಹೇಳಿದ್ದು ನಾನೇ ಮಗಾ.”

“ಇಬ್ರೂ ಮಾತು ಸಾಕು ಮಾಡಿ, ಉಣ್ಣಿ,” ಎಂದಳು ಹೆಂಡತಿ.

ಮಗ ಮೀನಿನ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದ. ಮೂರನೆಯ ತುತ್ತಿಗೆ ಸಾರಿನ ಖಾರ ನಾಲಗೆಗೆ ತಿಳಿಯಿತು. ಇನ್ನಷ್ಟು ಬಡಿಸು ಎಂದೆ. ಮೂವರೂ ಪಾತ್ರೆ ಖಾಲಿಯಾಗುವವರೆಗೆ ಉಂಡೆವು.