ಉಗುಳದೆ ನುಂಗಿದ ಕಾಳು

ನನ್ನ ಅತ್ತಿಗೆ ಅಂಗಡಿಯೊಂದರಲ್ಲಿ ಕಡಲೆಕಾಯಿ ಬೀಜ ಹುರಿಯುತ್ತಾಳೆ. ಬಾಣಲೆ ಯಾವಾಗ ಇಳಿಸಬೇಕೆಂದು ಹೇಳುವುದು ಗಡಿಯಾರವಲ್ಲ, ಅವಳ ಹಲ್ಲು. ಒಂದು ಕಾಳು ಕಚ್ಚಿದರೆ ಸಾಕು, ಹದ ಗೊತ್ತಾಗುತ್ತದೆ. ಕರುಳಿನ ಆಪರೇಷನ್ ಆಗಿ, ಹೊಟ್ಟೆಯ ಮೇಲೆ ಸ್ಟೋಮಾ ಎಂಬ ತೂತು ಮಾಡಿ, ಮಲ ಹೊರಬರಲು ಅದಕ್ಕೊಂದು ಚೀಲ ಅಂಟಿಸಿದ ಮೇಲೂ ಅವಳು ಬಾಣಲೆ ಬಿಡಲಿಲ್ಲ. ನರ್ಸ್ ಹಾಕಿದ ಷರತ್ತು ಒಂದೇ: ಕಚ್ಚಿ ನೋಡಿ ಉಗುಳಬೇಕು, ನುಂಗಕೂಡದು; ನುಂಗಿದರೆ ಕರುಳು ಕಟ್ಟಿಕೊಳ್ಳುತ್ತದೆ.

ನನ್ನ ಅಣ್ಣನಿಗೆ ಅವಳು ಕೆಲಸಕ್ಕೆ ಹೋಗುವುದೇ ಹಿಡಿಸುತ್ತಿರಲಿಲ್ಲ. ಇನ್ನೊಂದು ಸಲ ಹೊಟ್ಟೆ ಕೈಕೊಟ್ಟರೆ ಕೆಲಸ ಬಿಡಿಸುತ್ತೇನೆ ಎಂದು ಕಾದೇ ಕೂತಿದ್ದ.

ಮೊನ್ನೆ ಸಗಟು ವ್ಯಾಪಾರಿಯೊಬ್ಬ ಬಾಣಲೆಯ ಪಕ್ಕಕ್ಕೇ ಬಂದು ನಿಂತ. ಹುರಿದವಳೇ ಉಗುಳಿದರೆ ಮಾಲು ಕೆಟ್ಟಿದೆ ಅಂದುಕೊಳ್ಳುತ್ತಾನೆಂದು ಇವಳು ಒಂದೊಂದು ಬಾಣಲೆಗೂ ಕಾಳು ಕಚ್ಚಿ ಸುಮ್ಮನೆ ನುಂಗಿದಳು. ಎಂಥ ಬೆಪ್ಪುತನ ನೋಡಿ.

ಮರುದಿನ ಬೆಳಿಗ್ಗೆ ಚೀಲ ಖಾಲಿ, ಹೊಟ್ಟೆ ಉಬ್ಬಿ ನಗಾರಿಯಾಗಿತ್ತು. ನೋವು ಬಿಟ್ಟು ಬಿಟ್ಟು ಹಿಂಡುತ್ತಿತ್ತು. ಅಣ್ಣ ಭೇದಿ ಮಾತ್ರೆ ಹಿಡಿದು ಬಂದ.

"ಇದನ್ನ ನುಂಗು. ಎಲ್ಲಾ ಕಿತ್ಕೊಂಡು ಬರುತ್ತೆ."

"ಕಟ್ಟಿರೋ ಮೋರಿಗೆ ಇನ್ನಷ್ಟು ನೀರು ನೂಕ್ತಾರೇನ್ರೀ? ಅತ್ಲಾಗೆ ಇಡಿ ಅದನ್ನ," ಎಂದ ಅತ್ತಿಗೆ ನರ್ಸ್‌ಗೆ ಫೋನ್ ಹಚ್ಚಿದಳು.

"ಗಟ್ಟಿ ಆಹಾರ ಬೇಡ, ಬಿಸಿನೀರು ಗುಟುಕು ಗುಟುಕಾಗಿ ಕುಡೀರಿ," ಅಂದರು ನರ್ಸ್. "ಸ್ಟೋಮಾ ಊದಿದ್ರೆ ಹೊಸ ಚೀಲದ ತೂತು ಸ್ವಲ್ಪ ದೊಡ್ಡದಾಗಿ ಕತ್ತರಿಸಿ ಹಾಕ್ಕೊಳ್ಳಿ. ಮಂಡಿ ಎದೆಗೆ ಎಳ್ಕೊಂಡು ಮಲಗಿ, ಹೊಟ್ಟೆ ಮೆಲ್ಲಗೆ ನೀವಿಸ್ಕೊಳ್ಳಿ. ವಾಂತಿ ಆದ್ರೆ, ನೋವು ಜಾಸ್ತಿ ಆದ್ರೆ, ಸ್ಟೋಮಾ ಕಪ್ಪಾದ್ರೆ ತಕ್ಷಣ ಬನ್ನಿ. ಮಧ್ಯಾಹ್ನದ ಒಳಗೆ ಏನೂ ಬರದಿದ್ರೂ ಅಷ್ಟೆ."

ನಾನು ಅವಳ ಹೊಟ್ಟೆ ನೀವುತ್ತಾ ಕೂತೆ. ಅಣ್ಣ ಬಾಗಿಲಲ್ಲಿ ನಿಂತು "ನಾನು ಆಗ್ಲೇ ಹೇಳಿರ್ಲಿಲ್ವಾ" ಎಂದು ಶುರುಮಾಡಿದ. ನನಗೆ ಮೈ ಉರಿದುಹೋಯಿತು.

"ಅಣ್ಣ, ಬಿಸಿನೀರು ಕಾಯಿಸ್ಕೊಂಡು ಬಾ. ಇಲ್ಲಾಂದ್ರೆ ಬಾಯಿ ಮುಚ್ಕೊಂಡಿರು."

ಅತ್ತಿಗೆ ಬೆವರಿನಲ್ಲಿ ತೊಯ್ದಿದ್ದಳು. ಹಲ್ಲು ಕಚ್ಚಿ ಪಕ್ಕ ಬದಲಿಸುತ್ತಿದ್ದಳೇ ಹೊರತು ನರಳಲಿಲ್ಲ. ಅಣ್ಣನ ಮುಂದೆ ನರಳಿದರೆ ಸೋತ ಹಾಗೆ ಅವಳಿಗೆ. ನಾನು ಅವಳ ಬಟ್ಟೆಬರೆ ಆಸ್ಪತ್ರೆಗೆಂದು ಬ್ಯಾಗಿಗೆ ತುಂಬಿಸಿಟ್ಟೆ.

ಹೊರಡುವುದೇ ಸರಿ ಅನ್ನುವಷ್ಟರಲ್ಲಿ ಚೀಲದಲ್ಲಿ ಗುಳುಗುಳು ಸದ್ದಾಯಿತು. ಮೊದಲು ಗಾಳಿ, ಆಮೇಲೆ ನೀರು, ಅದರ ಹಿಂದೆ ಕಾಳಿನ ಚೂರುಗಳು. ಕೋಣೆ ತುಂಬಾ ವಾಸನೆ. ನಾನು ಅತ್ತೇಬಿಟ್ಟೆ.

ಅಣ್ಣನೂ ಉಸಿರುಬಿಟ್ಟ. ಆದರೆ ಹಟ ಬಿಡಲಿಲ್ಲ. "ಇವತ್ತಿಗೆ ಮುಗೀತು. ನಾಲ್ಕು ಜನರ ಮುಂದೆ ಉಗುಳೋಕೆ ನಾಚಿಕೆ ಪಡೋಳು ಆ ಕೆಲಸ ಬಿಟ್ಟುಬಿಡು."

ಅತ್ತಿಗೆ ಗೋಡೆ ಹಿಡಿದು ಎದ್ದು ಕೂತಳು.

"ನಾಚಿಕೆ ಬಿಟ್ಟೆ ಕಣ್ರೀ," ಅಂದಳು. "ಕೆಲಸ ಬಿಡಲ್ಲ."