ತಂಗಿ ಅಳಿಸಿದ ಸಾಲು

ಐವತ್ತರ ಗಂಡಸು ಸ್ವಂತ ತಂಗಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ಚೆಂದವಲ್ಲ ಎಂದು ಗ್ರಂಥಪಾಲಕನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಪಡುತ್ತಿದ್ದ.

ಯಾವ ಪುಸ್ತಕ ಯಾರ ಬಳಿ ಇದೆ ಎಂದು ಹೇಳುವ ಸಾಫ್ಟ್‌ವೇರೊಂದನ್ನು ಅವನು ಹನ್ನೊಂದು ವರ್ಷದ ಹಿಂದೆ ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಅಂತರ್ಜಾಲದಲ್ಲಿ ಬಿಟ್ಟಿದ್ದ. ಈಗ ಇನ್ನೂರು ಗ್ರಂಥಾಲಯಗಳು ಅದನ್ನೇ ನೆಚ್ಚಿಕೊಂಡಿದ್ದವು. ಗಣಿತದ ಟೀಚರ್ ಆಗಿದ್ದ ತಂಗಿಗೆ ಕೋಡ್ ಬರೆಯುವುದನ್ನು ಕೈಹಿಡಿದು ಕಲಿಸಿದವನೂ ಅವನೇ. ಎರಡೇ ವರ್ಷದಲ್ಲಿ ಅವಳು ಅವನನ್ನು ಮೀರಿಸಿದಳು. ಬಳಕೆದಾರರ ಪತ್ರಗಳಲ್ಲೆಲ್ಲ ಈಗ “ಟೀಚರ್ ಏನಂತಾರೆ?” ಎಂಬುದೇ ಮಾತು. ಅವಳಿಗೂ ಅವನಷ್ಟೇ ಅಧಿಕಾರ ಕೊಡಬೇಕೆ ಎಂದು ಶುಕ್ರವಾರ ಬಳಕೆದಾರರೆಲ್ಲರ ಮತದಾನ ಬೇರೆ ಇತ್ತು. ಗೆದ್ದರೆ ಅವನನ್ನು ಕೇಳದೆಯೇ ಕೋಡ್ ತಿದ್ದಬಹುದು. ನೆನೆದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಅಷ್ಟರಲ್ಲಿ, ಸೋಮವಾರ, ನಾಲ್ಕು ಕಡೆ ಸಾಫ್ಟ್‌ವೇರ್ ಕುಸಿದುಬಿತ್ತು. ಎರಡು ಕೌಂಟರಿನವರು ಒಂದೇ ಕ್ಷಣದಲ್ಲಿ ಪುಸ್ತಕ ವಾಪಸ್ ಪಡೆದರೆ, ಎರಡು ಕೆಲಸಗಳೂ ಒಟ್ಟಿಗೆ ಒಂದೇ ಪಟ್ಟಿಗೆ ಕೈಹಾಕಿ ಎಲ್ಲ ಕೆಡುತ್ತಿತ್ತು. ದಿನಕ್ಕೊಮ್ಮೆ ಆಗಬಹುದು, ವಾರಕ್ಕೊಮ್ಮೆ ಆಗಬಹುದು. ನೋಡೋಣವೆಂದು ಕೂತರೆ ಆಗುವುದೇ ಇಲ್ಲ. ಇದೇ ಕಾಟ ಆರು ವರ್ಷದ ಹಿಂದೆಯೂ ಇತ್ತು. ಒಂದು ಕೆಲಸ ಮುಗಿಯುವ ತನಕ ಇನ್ನೊಂದನ್ನು ತಡೆಯುವ ಬೀಗವನ್ನು ಆಗ ಅವನು ಕೋಡಿನಲ್ಲಿ ಬರೆದು, ‘ಸರಿಹೋಯಿತು’ ಎಂದು ಸಾರಿ, ಬೆನ್ನು ತಟ್ಟಿಸಿಕೊಂಡಿದ್ದ. ಹೋದ ತಿಂಗಳು ತಂಗಿ ಬೇಡದ ಸಾಲುಗಳನ್ನು ಅಳಿಸಿ ಹಳೆಯ ಕೋಡನ್ನು ಒಪ್ಪ ಮಾಡಿದ್ದಳು. ಅಂದರೆ ತಪ್ಪು ಅವಳದೇ! ಗ್ರಂಥಪಾಲಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

“ಅಣ್ಣಾ, ನಾನೇ ಏನೋ ಕೆಡಿಸಿದೀನಾ?” ಎಂದು ತಂಗಿ ಫೋನ್ ಮಾಡಿದಳು. “ಸದ್ಯಕ್ಕೆ ಒಂದೇ ಕೌಂಟರ್ ನಡೆಸಿ ಅಂತ ಎಲ್ಲರಿಗೂ ಹೇಳಿದೀನಿ.”

“ನೋಡೋಣಮ್ಮಾ, ಗಾಬರಿ ಯಾಕೆ,” ಎಂದ ಅಣ್ಣ, ಮಹಾ ಕರುಣಾಮಯಿಯ ದನಿಯಲ್ಲಿ.

ಗುರುವಾರ ಊಟದ ಬಿಡುವಿನಲ್ಲಿ ಹಿಂದಿನ ಕೋಣೆಯಲ್ಲಿ ಕೂತು, ಕಂಪ್ಯೂಟರಿನಲ್ಲೇ ಎರಡು ಕೌಂಟರಿನಿಂದಲೂ ಸಾವಿರ ಸಲ ಪುಸ್ತಕ ವಾಪಸ್ ಬಂದಂತೆ ಮಾಡಿ ನೋಡಿದ. ತಂಗಿಯ ತಿದ್ದುಪಡಿ ಇದ್ದಾಗ ಮೂರು ಸಲ ಕುಸಿಯಿತು. ತೆಗೆದಾಗ ಒಂದೂ ಇಲ್ಲ. ಇನ್ನೇನು ಬೇಕು? ಆದರೂ ಸರಿಯಾಗಿ ಎಲ್ಲಿ ಕೆಡುತ್ತದೆಂದು ತೋರಿಸಿಯೇ ಬಿಡೋಣವೆಂದು, ಅವಳ ಕೋಡಿಗೆ ಹೆಜ್ಜೆ ಹೆಜ್ಜೆಯನ್ನೂ ಬರೆದಿಡುವ ಒಂದು ಸಾಲು ಸೇರಿಸಿದ. ಕುಸಿಯುವುದು ನಿಂತಿತು. ಸಾಲು ತೆಗೆದ, ಕುಸಿಯಿತು. ಮತ್ತೆ ಹಾಕಿದ; ನಿಂತಿತು.

ಹಳೆಯ ಕೋಡನ್ನು ತೆರೆದು ನೋಡಿದ. ತಂಗಿ ಅಳಿಸಿದ್ದರಲ್ಲಿ ಅಂಥದೇ ಒಂದು ಸಾಲಿತ್ತು. ಆರು ವರ್ಷದ ಹಿಂದೆ ತಪ್ಪು ಹುಡುಕಲೆಂದು ತಾನೇ ಹಾಕಿ, ತೆಗೆಯಲು ಮರೆತದ್ದು. ಆ ಸಾಲು ಹೆಜ್ಜೆಗಳನ್ನು ಬರೆದಿಡುವಷ್ಟು ಹೊತ್ತು ಒಂದು ಕೆಲಸ ಚೂರು ತಡವಾಗಿ, ಎರಡೂ ಡಿಕ್ಕಿ ಹೊಡೆಯುತ್ತಿರಲಿಲ್ಲ, ಅಷ್ಟೆ. ಅವನ ಬೀಗವೋ, ಒಂದೊಂದು ಕೌಂಟರಿಗೂ ಬೇರೆ ಬೇರೆಯಾಗಿ ಹುಟ್ಟುತ್ತಿತ್ತು. ಆರು ವರ್ಷದಿಂದ ಅದು ಯಾರನ್ನೂ ತಡೆದಿರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ತಂಗಿ ಸೋಲುತ್ತಾಳೆ. ಊಟದ ಡಬ್ಬಿ ತೆರೆಯದೆ ಅರ್ಧ ಗಂಟೆ ಹಾಗೆಯೇ ಕೂತ. ಹೊರಗೆ ಒಂದೇ ಕೌಂಟರಿನ ಮುಂದೆ ಜನರ ಸಾಲು ಬಾಗಿಲು ದಾಟಿತ್ತು, ಬೈಯುವುದು ಕೇಳಿಸುತ್ತಿತ್ತು. ಕೊನೆಗೆ ಮುಖ ಹುಳ್ಳಗೆ ಮಾಡಿಕೊಂಡು ‘ತಪ್ಪು ನನ್ನದು, ಟೀಚರದ್ದಲ್ಲ’ ಎಂದು ಎಲ್ಲರಿಗೂ ಬರೆದ.

ಎರಡೇ ನಿಮಿಷಕ್ಕೆ ತಂಗಿಯಿಂದ ಪರಿಹಾರ ಬಂತು. ಎರಡು ಕೌಂಟರಿಗೂ ಒಂದೇ ಬೀಗ. ಬರೆದ ದಿನಾಂಕ ಮಂಗಳವಾರದ್ದು.

ಫೋನ್ ಮಾಡಿ ಕೇಳಿದ: “ಮಂಗಳವಾರವೇ ಗೊತ್ತಿತ್ತೇನೇ?”

“ಹೂಂ.”

“ಮತ್ತೆ ಹೇಳ್ಬಾರ್ದಿತ್ತಾ? ನಾಳೆ ಎಲ್ಲಾ ನಿನ್ನ ತಲೆ ಮೇಲೇ ಬರ್ತಿತ್ತಲ್ಲ!”

“ಬಂದ್ರೆ ಬರ್ಲಿ ಅಂದ್ಕೊಂಡೆ. ನಿನ್ನ ತಪ್ಪನ್ನ ನಾನು ಎಲ್ಲರ ಮುಂದೆ ಹೇಗಣ್ಣಾ ಎತ್ತಿ ಆಡ್ಲಿ?”

ಒಳ್ಳೆಯತನದಲ್ಲೂ ಇವಳೇ ಮುಂದೆ! ಗ್ರಂಥಪಾಲಕನಿಗೆ ಮೈಯೆಲ್ಲ ಉರಿದುಹೋಯಿತು. ಶುಕ್ರವಾರ ಬೆಳಿಗ್ಗೆ ಅದೇ ಉರಿಯಲ್ಲಿ, ಬೇರೆ ಯಾರೂ ಮತ ಹಾಕುವ ಮುಂಚೆಯೇ ತಂಗಿಗೆ ತನ್ನ ಮತ ಹಾಕಿದ. ಇದರಲ್ಲಾದರೂ ತಾನು ಮೊದಲಿರಬೇಕಲ್ಲ.